ಮನೆಯ ಪರವಾಗಿ ಹಾಜರು

ನನ್ನ ಬಾಯಿ ದೊಡ್ಡದು ಎಂದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಿಕೊಂಡ ಹೆಂಗಸರಿಗೆಲ್ಲ ಗೊತ್ತು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವವರಿಗೆ, "ಹೊಲೀಬೇಕಾಗಿರೋದು ನಿಮಗೇನ್ರೀ, ಇಲ್ಲಾ ನಿಮ್ಮ ಆಸೆಗಾ?" ಎಂದು ಕೇಳಿಬಿಡುತ್ತೇನೆ. ಬೇಜಾರು ಮಾಡಿಕೊಂಡವರೂ ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತಾರೆ. ಅಂಥ ನನಗೂ ಹೋದ ವರ್ಷ ಮಾತು ಕಟ್ಟಿಹೋಯಿತು. ಇಷ್ಟು ದಿನ ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ, ಈಗ ಬರೆಯುತ್ತಿದ್ದೇನೆ.

ನನ್ನ ತಮ್ಮ ಇರುವುದು ಉದಯಗಿರಿಯಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ, ಆಮೇಲೆ ಸ್ಟೇರಿಂಗ್ ಹಿಡಿದ. ಮದುವೆಯಾಗಿ ಒಂದು ಹೆಣ್ಣುಮಗುವಾಯಿತು. ಕುಡಿತವಿಲ್ಲ, ಜಗಳವಿಲ್ಲ. ನಾನು ಎಷ್ಟು ಬೈದರೂ "ಆಯ್ತು ಬುಡಕ್ಕ" ಎಂದು ನಗುವ ಪ್ರಾಣಿ. ಅವನಿಗೆ ಒಂದು ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಗಾಡಿಯಲ್ಲವೇ, ಪೊಲೀಸರಿಂದ ನಡತೆ ಸರ್ಟಿಫಿಕೇಟ್ ತಂದುಕೊಡಿ ಎಂದರು. ಇವನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ತಾನಾಗಿಯೇ ಹೋಗಿ ಅರ್ಜಿ ಕೊಟ್ಟು ಬಂದ. ಸರ್ಟಿಫಿಕೇಟ್ ಬರಲಿಲ್ಲ. ಒಂದು ಬೆಳಿಗ್ಗೆ ವಾರೆಂಟ್ ಹಿಡಿದುಕೊಂಡು ಪೊಲೀಸರು ಬಂದರು, ಅವನ ಹೆಂಡತಿ ಫೋನ್ ಮಾಡಿದಳೆಂದು ನಾನೂ ಓಡಿಹೋದೆ.

ನಮ್ಮೂರಿನ ಯಾವುದೋ ಕಾಲದ ಹೊಡೆದಾಟದ ಕೇಸಿನಲ್ಲಿ ಇವನು ತಲೆಮರೆಸಿಕೊಂಡ ಆರೋಪಿಯಂತೆ. ತಲೆಮರೆಸಿಕೊಂಡವನು! ರೇಷನ್ ಕಾರ್ಡು, ಆಧಾರ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಎಲ್ಲದರಲ್ಲೂ ಉದಯಗಿರಿಯ ಮನೆಯ ವಿಳಾಸ ಇಟ್ಟುಕೊಂಡವನು. ಹಾಲಿನವನಿಂದ ಹಿಡಿದು ಎಲೆಕ್ಷನ್ ಚೀಟಿ ಕೊಡುವವರವರೆಗೆ ಎಲ್ಲರಿಗೂ ಮನೆ ಗೊತ್ತು. ನನಗೆ ಬಂದ ಸಿಟ್ಟಿಗೆ ಬಂದ ಪೊಲೀಸರನ್ನೇ ಬಾಯಿಗೆ ಬಂದಂತೆ ಬೈದೆ. ಅವರು ನನ್ನನ್ನು ಗದರಲೂ ಇಲ್ಲ. "ಅಮ್ಮ, ಕೋರ್ಟು ಹೇಳಿದ್ದನ್ನ ನಾವು ಮಾಡ್ತೀವಿ, ಅಲ್ಲೋಗಿ ಕೇಳ್ಕೊಳ್ಳಿ" ಎಂದು ಕರೆದುಕೊಂಡು ಹೋದರು. ಅದೇ ದಿನ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಹಾಜರುಪಡಿಸಿದರು. ಅಲ್ಲೇ ಸಿಕ್ಕಿದ ಒಬ್ಬ ವಕೀಲರಿಂದ ಬೇಲ್ ಅರ್ಜಿ ಹಾಕಿಸಿದೆವು, ಅದು ವಜಾ ಆಯಿತು, ಸಂಜೆಗೆ ಜೈಲು.

ಆ ಹೊಡೆದಾಟ ನನಗೆ ಚೆನ್ನಾಗಿ ನೆನಪಿದೆ. ಹೊಲಕ್ಕೆ ಗಾಡಿ ಹೋಗುವ ದಾರಿಯ ವಿಷಯ. ಪಕ್ಕದ ಹೊಲದವರು ಮುಳ್ಳು ಬಡಿದರು, ನಮ್ಮವರು ಕಿತ್ತರು, ಮಾತಿಗೆ ಮಾತು ಬೆಳೆದು ದೊಣ್ಣೆಗೆ ಬಂತು. ಅವರ ಕಡೆ ಒಬ್ಬನ ತಲೆ ಒಡೆಯಿತು. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಜೊತೆಗೆ ಗ್ಯಾರೇಜಿಗೆ ರಜೆ ಹಾಕಿ ಊರಿಗೆ ಬಂದಿದ್ದ ನನ್ನ ತಮ್ಮ, ನಾಲ್ವರ ಮೇಲೆ ಕೇಸಾಯಿತು. ಅದಾದ ಸ್ವಲ್ಪ ದಿನಕ್ಕೆ ಊರಿನವರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದರು. ಎಲೆ ಅಡಿಕೆ ಬದಲಾಯಿಸಿಕೊಂಡು ಒಟ್ಟಿಗೆ ಊಟ ಮಾಡಿದರು. ಆದರೆ ಕೋರ್ಟಿಗೆ ಹೋದ ಕೇಸು ಊಟಕ್ಕೆ ಮುಗಿಯುವುದಿಲ್ಲವಲ್ಲ, ಅದರ ಪಾಡಿಗೆ ಅದು ನಡೆಯಿತು. ನಾನು ಬಸುರಿಯಾಗಿ ತವರಿಗೆ ಹೋಗಿದ್ದಾಗ ಅಪ್ಪ ಒಂದು ಸಂಜೆ ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಂದ. "ಖುಲಾಸೆ ಆಯ್ತು ಕಣವ್ವ, ಎಲ್ಲಾ ಖುಲಾಸೆ" ಎಂದ. ಬೀದಿಗೆಲ್ಲ ಹಂಚಿದ. ಅಲ್ಲಿಗೆ ಆ ಪೀಡೆ ತೊಲಗಿತು ಎಂದುಕೊಂಡಿದ್ದೆವು.

ನನ್ನ ಹತ್ತಿರ ಬಟ್ಟೆ ಹೊಲಿಸುವ ವಕೀಲರೊಬ್ಬರಿದ್ದಾರೆ. ಭಾನುವಾರ ಚರ್ಚು ಮುಗಿಸಿಕೊಂಡು ಅಂಗಡಿಗೆ ಬರುವವರು. ಅವತ್ತು ನಾನು ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಅತ್ತೆ. ಅವರು ಕಾಗದವನ್ನೆಲ್ಲ ಓದಿ ಹೇಳಿದರು: "ನೋಡಿಮ್ಮ, ಇಷ್ಟು ವರ್ಷ ಓಡಿಹೋಗಿದ್ದೋನು, ಬಿಟ್ರೆ ಮತ್ತೆ ಓಡ್ತಾನೆ ಅಂತ ಹೇಳಿ ಮೊದಲನೇ ಬೇಲ್ ಅರ್ಜಿ ವಜಾ ಮಾಡಿದ್ದಾರೆ. ನಿಮ್ಮ ತಂದೆ, ಚಿಕ್ಕಪ್ಪಂದಿರು ಖುಲಾಸೆ ಆದ್ರಲ್ಲ, ಆ ತೀರ್ಪಿನ ನಕಲು ಬೇಕು. ಆಗಿನ ದಿನದಿನದ ನಡಾವಳಿ ಬರೆದಿರ್ತಾರೆ, ಅದರ ನಕಲೂ ಬೇಕು. ಕೋರ್ಟಿನ ಮೊಹರು ಇರ್ಬೇಕು, ಸುಮ್ನೆ ಜೆರಾಕ್ಸ್ ಆಗಲ್ಲ. ಅದಿದ್ರೆ, ಇವನು ಬೇಕಂತ ತಪ್ಪಿಸ್ಕೊಂಡಿಲ್ಲ ಅಂತ ನಾನು ಹೇಳ್ಬೋದು." ತಮ್ಮ ಜೂನಿಯರ್‌ನನ್ನು ಕಳಿಸುತ್ತೇನೆ ಎಂದರು. ಯಾರೋ ಹುಡುಗನ ಮೇಲೆ ನನಗೆ ನಂಬಿಕೆ ಬರಲಿಲ್ಲ, ನಾನೇ ಹೋಗಿ ತರುತ್ತೇನೆ ಎಂದೆ.

ನನಗೆ ಇನ್ನೂ ಒಂದು ಭಯವಿತ್ತು. ಅವ್ವ ಹೋದ ಮೇಲೆ ಅಪ್ಪ ಒಂದು ತಿಂಗಳು ಕೆಸರೆಯ ನನ್ನ ಮನೆಯಲ್ಲಿ, ಒಂದು ತಿಂಗಳು ಉದಯಗಿರಿಯ ತಮ್ಮನ ಮನೆಯಲ್ಲಿ ಇರುತ್ತಿದ್ದ. ತಿಂಗಳು ತುಂಬಿದ ದಿನ ತಮ್ಮ ಬಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಆಗ ನನ್ನ ಮನೆಯ ಸರದಿ. ತಮ್ಮನೆಂದರೆ ಅಪ್ಪನಿಗೆ ಪ್ರಾಣ. ನನ್ನನ್ನು ಹೊಡೆದು ಬೆಳೆಸಿದ ಮನುಷ್ಯ, ಅವನ ಮೈಗೆ ಒಂದು ಕಡ್ಡಿ ಸೋಕಿಸಿದವನಲ್ಲ. ಮಗ ಜೈಲಿನಲ್ಲಿದ್ದಾನೆ ಎಂದು ಗೊತ್ತಾದರೆ ಈ ಜೀವ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. "ಟೂರಿಸ್ಟ್ ವ್ಯಾನು ತಗೊಂಡು ಮಂತ್ರಾಲಯದ ಕಡೆ ಹೋಗವ್ನೆ ಅಪ್ಪ" ಎಂದು ಸುಳ್ಳು ಹೇಳಿದೆ. ಅಪ್ಪನಿಗೆ ಗೊತ್ತಾಗುವುದರೊಳಗೆ ತಮ್ಮನನ್ನು ಮನೆಗೆ ತಂದುಬಿಡಬೇಕು. ಮದುವೆ ಸೀಸನ್ನಿನ ಬ್ಲೌಸುಗಳು ಗಂಟು ಗಂಟು ಬಿದ್ದಿದ್ದವು, ನನ್ನ ತಲೆಯಲ್ಲಿ ಮಾತ್ರ ಅದೊಂದೇ ಓಡುತ್ತಿತ್ತು.

ತಾಲ್ಲೂಕು ಕೋರ್ಟಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿ ನಕಲು ಕೊಡುವ ವಿಭಾಗ ಎಂದು ಒಂದು ಕೋಣೆ, ಅರ್ಧ ಬಾಗಿಲಿನ ಆಚೆ ಒಬ್ಬ ಗುಮಾಸ್ತರು. ವಾರೆಂಟಿನಲ್ಲಿದ್ದ ನಂಬರು ಹೇಳಿದೆ. ಕಂಪ್ಯೂಟರಿನಲ್ಲಿ ನೋಡಿ, "ಇದು ನಿಮ್ಮ ತಮ್ಮನೊಬ್ಬನ ಕೇಸು, ಇನ್ನೂ ನಡೀತಾ ಇದೆ. ಇದ್ರಲ್ಲಿ ಖುಲಾಸೆ ಎಲ್ಲಿಂದ ಬರುತ್ತೆ?" ಎಂದರು. ನಾನು ನಾಲ್ವರದ್ದೂ ಒಂದೇ ಕೇಸು ಎಂದು ವಾದ ಮಾಡಿದೆ. ಅವರು ತಾಳ್ಮೆಯಿಂದಲೇ ಬಿಡಿಸಿ ಹೇಳಿದರು. ನಾಲ್ವರಲ್ಲಿ ಒಬ್ಬ ಬರದೇ ಹೋದರೆ ಅವನಿಗಾಗಿ ಮಿಕ್ಕವರನ್ನು ಎಷ್ಟು ದಿನ ಕಾಯಿಸುತ್ತಾರೆ? ಅವನ ಕೇಸನ್ನು ಬೇರೆ ಮಾಡಿ ಬೇರೆ ನಂಬರು ಕೊಡುತ್ತಾರೆ. ಮಿಕ್ಕವರದ್ದು ವಿಚಾರಣೆ ಮುಗಿದು ಆ ಫೈಲು ಗಂಟು ಸೇರುತ್ತದೆ. "ನಿಮಗೆ ಬೇಕಾಗಿರೋದು ಆ ಗಂಟಿನಲ್ಲಿರೋದು. ಅದರ ನಂಬರ್ ತನ್ನಿ."

"ನಂಬರ್ ನಮ್ಮಪ್ಪನ ತಲೇಲೂ ಇಲ್ಲ, ನನ್ನ ತಲೇಲೂ ಇಲ್ಲ ಕಣ್ರೀ. ನನ್ನ ಮಗಳು ಹೊಟ್ಟೇಲಿದ್ದಾಗ ಮುಗೀತು, ಅಷ್ಟು ಗೊತ್ತು."

"ಕೋರ್ಟ್ನೋರು ಮಗಳ ಹೆರಿಗೆ ಬರ್ಕೊಂಡಿರಲ್ಲಮ್ಮ" ಎಂದು ನಕ್ಕರು. ನನಗೆ ಕೋಪ ಬಂತು, ಆದರೆ ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ದಾಖಲಾದ ನಂಬರು ತರಬೇಕು, ಅದನ್ನು ಕೋರ್ಟಿನ ಹಳೆಯ ರಿಜಿಸ್ಟರಿನಲ್ಲಿ ನೋಡಿದರೆ ಕೇಸಿನ ನಂಬರು ಸಿಗುತ್ತದೆ ಎಂದು ದಾರಿ ತೋರಿಸಿದರು. ಸ್ಟೇಷನ್ನಿನಲ್ಲಿ ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದರು. ನಾಳೆ ಹೋದೆ. ಆ ಕಾಲದ ಪುಸ್ತಕ ಬೇರೆ ಕಡೆಯಿದೆ, ತರಿಸಬೇಕು ಎಂದರು. ತರಿಸುವವರೆಗೆ ಹೋಗುತ್ತಲೇ ಇದ್ದೆ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಬರೀ ನಕಲು ಕೇಳಲು ಹೋದವಳ ಗತಿ ಏನೆಂದು ಯಾರೂ ಗಾದೆ ಕಟ್ಟಲಿಲ್ಲ.

ಇದರ ಮಧ್ಯೆ ಜೈಲಿಗೆ ಹೋಗಿ ತಮ್ಮನನ್ನು ನೋಡಿದೆ. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿದ್ದವು. ಕೇಳಬಾರದು ಎಂದುಕೊಂಡೇ ಹೋಗಿದ್ದೆ, ಬಾಯಿ ಕೇಳಿಬಿಟ್ಟಿತು: "ಅಲ್ಲ ಕಣೋ, ಆಗ ಒಂದು ದಿನಾನೂ ಯಾಕೋ ಕೋರ್ಟಿಗೆ ಹೋಗ್ಲಿಲ್ಲ ನೀನು?"

ಅವನು ನನ್ನನ್ನೇ ನೋಡಿದ. "ಅಪ್ಪ ಬರ್ಬ್ಯಾಡ ಅಂದ ಕಣಕ್ಕ. ನೀನು ಗ್ಯಾರೇಜ್ ಬಿಡ್ಬ್ಯಾಡ, ಮನೆಯಿಂದ ನಾನು ಓಯ್ತಾವ್ನಲ್ಲ, ಅಷ್ಟು ಸಾಕು ಅಂದ. ಆಮೇಲೆ ಮುಗೀತು ಅಂದ. ನಾನು ಮುಗೀತು ಅಂದ್ಕೊಂಡೆ." ಗಡ್ಡ ತುರಿಸಿಕೊಂಡು, "ಇಲ್ಲಿ ಕೂತ್ಕೊಂಡು ಅದನ್ನೇ ಯೋಚ್ನೆ ಮಾಡ್ತೀನಿ. ಬೇರೆ ಕೆಲಸ ಏನಿದೆ?" ಎಂದ. ಅವನು ಅಪ್ಪನ ಬಗ್ಗೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ನಮ್ಮ ಕಡೆ ಮನೆಗೊಂದಾಳು ಎನ್ನುವ ಪದ್ಧತಿ. ಕೆರೆ ಕಾಲುವೆಯ ಹೂಳು ತೆಗೆಯಬೇಕೇ, ಸತ್ತವರಿಗೆ ಮಣ್ಣು ಹಾಕಬೇಕೇ, ನ್ಯಾಯಕ್ಕೆ ಕೂರಬೇಕೇ, ಮನೆಗೊಬ್ಬರು ಹೋದರೆ ಆಯಿತು. ಹೋದವನು ಒಬ್ಬನಾದರೂ ಇಡೀ ಮನೆಯೇ ಹೋದ ಹಾಗೆ. ನಿನ್ನ ಮಗ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಬಂದಿರುವ ಯಜಮಾನನಿಗೆ ಅವಮಾನ. ಕೋರ್ಟೂ ಹಾಗೆಯೇ ಇರುತ್ತದೆ ಎಂದು ಅಪ್ಪ ತಿಳಿದಿದ್ದ. ಮನೆಗೆ ಬಂದ ತಮ್ಮನ ಸಮನ್ಸನ್ನೂ ಅಪ್ಪನೇ ಸಹಿ ಹಾಕಿ ಈಸಿಕೊಂಡಿರಬೇಕು. ಮಗನನ್ನು ಕಾಪಾಡುತ್ತೇನೆಂದು ಹೊರಟ ಅಪ್ಪನ ಕೈಯಲ್ಲೇ ಮಗ ಹಾಳಾಗಿದ್ದ. ಇನ್ನು ಮೇಲಂತೂ ಅಪ್ಪನಿಗೆ ಗೊತ್ತಾಗಲೇಬಾರದು ಎಂದು ದೇವರಲ್ಲಿ ಬೇಡಿಕೊಂಡೆ.

ಸ್ಟೇಷನ್ನಿನ ಪುಸ್ತಕ ಬಂತು, ನಂಬರು ಸಿಕ್ಕಿತು. ಗುಮಾಸ್ತರು ಕೋರ್ಟಿನ ರಿಜಿಸ್ಟರ್ ತೆಗೆದು ಕೇಸಿನ ನಂಬರು ಹುಡುಕಿದರು. ದಾಖಲೆ ಕೊಠಡಿಯಿಂದ ಕೆಂಪು ಬಟ್ಟೆಯ ಗಂಟೊಂದು ಇಳಿದು ಬಂತು, ಅದರೊಳಗೆ ನಮ್ಮ ಫೈಲು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅರ್ಜಿ ಬರೆಯುವಾಗ ಅವರು ಕೇಳಿದರು, "ಈ ಕೇಸಿಗೆ ನೀವು ಏನಾಗ್ಬೇಕು?"

"ಅಕ್ಕ."

"ಅಕ್ಕ ಅಂದ್ರೆ ಕೇಸಿಗೆ ಸಂಬಂಧ ಇಲ್ಲದೋರು."

"ಏನ್ರೀ ಹೀಗಂತೀರಾ? ಎತ್ತಿ ಆಡ್ಸಿದೋಳು ನಾನು, ಸಂಬಂಧ ಇಲ್ವಾ?" ಎಂದು ರೇಗಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಿಮ್ಮ ಸಂಬಂಧ ಇಲ್ಲ ಅಂತ ನಾನು ಹೇಳ್ತಾ ಇಲ್ಲಮ್ಮ. ಕೇಸಲ್ಲಿ ಹೆಸರಿರೋರು ಅರ್ಜಿ ಹಾಕಿದ್ರೆ ಬೇಗ ಕೊಡ್ತೀವಿ. ಹೊರಗಿನೋರು ಕೇಳಿದ್ರೆ ಅಫಿಡವಿಟ್ ಹಾಕ್ಬೇಕು, ಸಾಹೇಬರು ಆರ್ಡರ್ ಮಾಡ್ಬೇಕು, ತಡ ಆಗುತ್ತೆ. ಮೊದಲನೇ ಆರೋಪಿ ನಿಮ್ಮ ತಂದೆ ಅಲ್ವಾ? ಕರ್ಕೊಂಡು ಬನ್ನಿ, ಒಂದು ಸಹಿ ಸಾಕು."

ಚಿಕ್ಕಪ್ಪಂದಿರ ಸಹಿ ಕೇಳಿದರೆ ಸುದ್ದಿ ಊರೆಲ್ಲ ಹರಡಿ ಅಪ್ಪನ ಕಿವಿಗೂ ಬೀಳುತ್ತದೆ ಎಂದು, ಅರ್ಜಿಯನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ತಮ್ಮನ ಹೊಸ ಕೆಲಸಕ್ಕೆ ಹಳೆಯ ತೀರ್ಪಿನ ನಕಲು ಕೇಳುತ್ತಿದ್ದಾರೆ, ಸಹಿ ಹಾಕು ಎಂದೆ. ಸಹಿ ಹಾಕಿ ಕೊಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಅಪ್ಪ ಎದ್ದು ನಿಂತ. "ಇಲ್ಲಿ ಆಕುದ್ರೆ ಎಂಗವ್ವ? ಕೋರ್ಟ್ ಕಾಗ್ದ ಅಲ್ಲೇ ಆಕ್ಬೇಕು. ನಾನೂ ಬತ್ತೀನಿ. ಆ ಕೋರ್ಟಿನ ಕಂಬ ಕಂಬ ಗೊತ್ತು ನಂಗೆ." ನಾನು ಬಿಸಿಲು ಅಂದೆ, ಬಸ್ಸು ರಶ್ಶು ಅಂದೆ, ನಿನ್ನ ಮಂಡಿ ನೋವು ಅಂದೆ. ಹಿಡಿದ ಹಟ ಬಿಡುವ ಪೈಕಿಯಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಬಿಳಿ ಷರ್ಟು, ಬಿಳಿ ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕೂತಿದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಪ್ಪ ದಾರಿಯುದ್ದಕ್ಕೂ ಮಾತಾಡಿದ. ಎಷ್ಟೋ ದಿನದಿಂದ ಅಷ್ಟು ಖುಷಿಯಾಗಿ ಮಾತಾಡಿರಲಿಲ್ಲ. "ಮೂರು ಮನೆ, ಮೂರಾಳು. ನಿನ್ ಚಿಕ್ಕಪ್ಪದೀರು ಆಗ್ಲೇ ಬ್ಯಾರೆ ಬ್ಯಾರೆ ಒಲೆ ಊಡಿದ್ರಲ್ಲ. ಅವರವರ ಮನೆಯಿಂದ ಅವರವರು, ನಮ್ಮನೆಯಿಂದ ನಾನು. ಒಳಗಿಂದ ಒಬ್ಬ ಎಸ್ರು ಕೂಗೋನು. ನಮ್ ಮೂರ್ ಜನದ್ದೂ ಕೂಗಿ ಆಮೇಲೆ ನಿನ್ ತಮ್ಮನ್ದು ಕೂಗೋನು. ಆಗ ನಾನು ಕೈ ಮುಗ್ದು, ಮನೆಯಿಂದ ನಾನು ಬಂದಿವ್ನಿ ಸ್ವಾಮಿ ಅನ್ನೋನು. ಒಂದು ದಿನ ತೆಪ್ಪುಸ್ನಿಲ್ಲ ಕಣವ್ವ. ಜ್ವರ ಬಂದಿದ್ರೂ ಓಗಿವ್ನಿ. ಆ ಕೂಸು ಕೋರ್ಟ್ ಮೆಟ್ಲು ಅತ್ತಬಾರ್ದು ಅಂತ." ಪಕ್ಕದ ಸೀಟಿನವರು ಅಪ್ಪನನ್ನು ನೋಡಿ ಮುಗುಳ್ನಕ್ಕರು. ನಾನು ಬಸ್ಸಿನ ಮುಂದಿನ ಗಾಜನ್ನೇ ನೋಡುತ್ತ ಕೂತೆ, ತಿರುಗಿದ್ದರೆ ಅಪ್ಪನಿಗೆ ನನ್ನ ಕಣ್ಣು ಕಾಣುತ್ತಿತ್ತು.

ಕೋರ್ಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿ, ನಾನು ಮೊದಲು ಒಳಗೆ ಹೋಗಿ ಗುಮಾಸ್ತರಿಗೆ ವಿಷಯ ಹೇಳಿಬಿಡೋಣ ಎಂದುಕೊಂಡಿದ್ದೆ. ನಾನು ಬ್ಯಾಗಿನಿಂದ ಅರ್ಜಿ ತೆಗೆಯುವಷ್ಟರಲ್ಲಿ ಅಪ್ಪ ಸೀದಾ ಆ ಅರ್ಧ ಬಾಗಿಲ ಮುಂದೆ ಹೋಗಿ ಕೈ ಮುಗಿದು ನಿಂತಿದ್ದ. ಫೈಲು ಮೇಜಿನ ಮೇಲೆಯೇ ಇತ್ತು. ಯಾವ ಯಾವ ಹಾಳೆ ನಕಲು ಬೇಕು ಎಂದು ಗುರುತು ಹಾಕಲು ಗುಮಾಸ್ತರು ಹಾಳೆ ತಿರುಗಿಸುತ್ತ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. "ಒಂದರಿಂದ ಮೂರನೇ ಆರೋಪಿ ಹಾಜರು. ನಾಲ್ಕನೇ ಆರೋಪಿ ಗೈರು. ವಾರೆಂಟ್ ಹೊರಡಿಸಿ. ಮುಂದಿನದು... ಒಂದರಿಂದ ಮೂರು ಹಾಜರು, ನಾಲ್ಕನೆಯವನು ಗೈರು."

"ನಾಕ್ನೇದು ನನ್ ಮಗ ಸ್ವಾಮಿ" ಎಂದ ಅಪ್ಪ.

"ಹೌದು ಯಜಮಾನ್ರೆ. ಬಂದೇ ಇಲ್ಲ ಅವರು."

"ನಾ ಬತ್ತಿದ್ನಲ್ಲ."

"ನೀವು ಬಂದಿದ್ದಕ್ಕೆ ನಿಮ್ಮ ಹೆಸರಿಗೆ ಹಾಜರು ಅಂತ ಹಾಕವ್ರೆ, ನೋಡಿ. ಅವರದ್ದಕ್ಕೆ ಅವರೇ ಬರ್ಬೇಕಲ್ಲ."

"ನಾನು ಏಳ್ತಿದ್ದೆ ಸ್ವಾಮಿ. ಕೂಗ್ದಾಗೆಲ್ಲ ಏಳ್ತಿದ್ದೆ, ಮನೆಯಿಂದ ನಾನು ಬಂದಿವ್ನಿ ಅಂತ. ಯಾರೂ ಆಗಕ್ಕಿಲ್ಲ ಅನ್ನಿಲ್ಲ."

ಗುಮಾಸ್ತರು ತಲೆಯೆತ್ತಿದರು. ನಾನು ಅಪ್ಪನ ಹಿಂದೆ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವ ಹೊತ್ತಿಗೆ ಮಾತು ಬಾಯಿಂದ ಹೊರಟಾಗಿತ್ತು. "ಅದಕ್ಕೇ ಅಲ್ವಾ ಯಜಮಾನ್ರೆ ಅವರ ಕೇಸು ಬೇರೆ ಮಾಡಿ, ಈಗ ಹಿಡ್ದು ಒಳಗೆ ಹಾಕಿರೋದು."

ಅಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದ. ಬಯ್ಯುತ್ತಾನೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಂತ್ರಾಲಯಕ್ಕೆ ಓಗಿಲ್ವೇನವ್ವ ಅವ್ನು?" ಎಂದ. ನಾನು ತಲೆ ಅಲ್ಲಾಡಿಸಿದೆ. ಅಪ್ಪ ಪೆನ್ನು ಈಸಿಕೊಂಡು ಗುಮಾಸ್ತರು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಅಕ್ಷರ ಗೆರೆಯಿಂದ ಹೊರಗೆ ಹೋಯಿತು. ಗುಮಾಸ್ತರು ಕುರ್ಚಿ ಬಿಟ್ಟು ಎದ್ದು, "ನೀರು ಕುಡೀರಿ ಯಜಮಾನ್ರೆ" ಎಂದು ತಮ್ಮ ಬಾಟಲಿ ಕೊಟ್ಟರು. ಅಪ್ಪ ಅದನ್ನು ಹಿಡಿದುಕೊಂಡು ನಿಂತಿದ್ದ, ಕುಡಿಯಲಿಲ್ಲ. ವಾಪಸು ಬರುವಾಗ ಮೈಸೂರು ಮುಟ್ಟುವವರೆಗೂ ಒಂದೇ ಒಂದು ಮಾತಾಡಿದ. "ಅಲ್ಲಿ ಮುದ್ದೆ ಕೊಡ್ತಾರಾ?" ಎಂದು ಕೇಳಿದ. ಕೊಡುತ್ತಾರೆ ಎಂದೆ.

ನಕಲು ಬಂತು. ಪುಟ ಪುಟಕ್ಕೂ ಕೋರ್ಟಿನ ಮೊಹರು. ವಕೀಲರು ಓದಿ, ಇಷ್ಟು ಸಾಕು ಎಂದರು. ಬೇಲ್ ಅರ್ಜಿ ವಿಚಾರಣೆಯ ದಿನ ಅಪ್ಪನನ್ನು ಮನೆಯಲ್ಲೇ ಬಿಟ್ಟು ಹೋಗಲು ನಾನು ಮಾಡದ ಪ್ರಯತ್ನವಿಲ್ಲ. ಅವತ್ತೂ ನನಗಿಂತ ಮೊದಲೇ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ತಮ್ಮನನ್ನು ಪೊಲೀಸರು ಕರೆದುಕೊಂಡು ಬಂದು ಒಳಗೆ ನಿಲ್ಲಿಸಿದರು. ನಮ್ಮ ವಕೀಲರು ಎದ್ದು, ಉಳಿದ ಮೂವರು ಖುಲಾಸೆಯಾಗಿದ್ದಾರೆ, ಈತ ಓಡಿಹೋದವನಲ್ಲ, ತಿಳಿವಳಿಕೆ ಇಲ್ಲದೆ ಹೀಗಾಗಿದೆ ಎಂದು ಹೇಳುತ್ತಿದ್ದರು. ಜಡ್ಜಮ್ಮ ನಕಲಿನ ಹಾಳೆ ತಿರುಗಿಸುತ್ತಿದ್ದರು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಅಪ್ಪ ಎದ್ದುಬಿಟ್ಟ. ನಾನು ಪಂಚೆ ಹಿಡಿದು ಎಳೆದೆ, ಕೊಸರಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದ.

"ಬುದ್ದಿ, ಅವ್ನು ಓಡೋಗಿರ್ನಿಲ್ಲ. ನಾನೇ ಬರ್ಬ್ಯಾಡ ಅಂದೆ. ತೆಪ್ಪು ನಂದು. ಅವ್ನ ಬದ್ಲು ನನ್ನ ಒಳೀಕಾಕಿ. ಎಷ್ಟ್ ದಿನ ಆದ್ರೂ ಇರ್ತೀನಿ. ಅವ್ನ ಬುಟ್ಬುಡಿ ಬುದ್ದಿ, ಮಕ್ಕಳೊಂದಿಗ."

ಕೋರ್ಟಿನಲ್ಲಿ ಯಾರೋ ಇಬ್ಬರು ಕಿಸಕ್ಕೆಂದರು. ಅವರ ವಂಶ ಹಾಳಾಗ ಎಂದು ಮನಸ್ಸಿನಲ್ಲೇ ಶಪಿಸಿದೆ. ಜಡ್ಜಮ್ಮ ನಗಲಿಲ್ಲ. "ಹಾಗೆ ಬದಲಿಗೆ ಇರೋಕೆ ಆಗಲ್ಲ ಅಜ್ಜ. ಕೂತ್ಕೊಳ್ಳಿ, ನೋಡ್ತೀನಿ" ಎಂದರು. ಅಪ್ಪ ಕೂರದೆ ಕೈ ಮುಗಿದುಕೊಂಡೇ ತಮ್ಮನ ಕಡೆ ನೋಡಿದ. ತಮ್ಮ ತಲೆ ತಗ್ಗಿಸಿ ತನ್ನ ಕಾಲನ್ನು ನೋಡುತ್ತಿದ್ದ. ಒಂದು ಸಲ ಎತ್ತಿ ನೋಡೋ ಪಾಪಿ ಎಂದು ನನ್ನ ಜೀವ ಕೂಗಿಕೊಳ್ಳುತ್ತಿತ್ತು. ಎತ್ತಲಿಲ್ಲ. ಚಿಕ್ಕಪ್ಪಂದಿರಲ್ಲಿ ಒಬ್ಬರು ಜಾಮೀನು ನಿಂತರು, ಬೇಲ್ ಆಯಿತು.

ಬಿಡುಗಡೆಯಾದ ದಿನ ತಮ್ಮನನ್ನು ನನ್ನ ಮನೆಗೇ ಕರೆತಂದೆವು. ಅವನ ಹೆಂಡತಿ ಮಗಳೂ ಬಂದಿದ್ದರು. ನಾನು ಬಸ್ಸಾರು, ಮುದ್ದೆ ಮಾಡಿದ್ದೆ. ವ್ಯಾನಿನ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ, ಮಕ್ಕಳ ತಾಯಿತಂದೆಯರು ಒಪ್ಪುವುದಿಲ್ಲವಂತೆ ಎಂದು ಅವನ ಹೆಂಡತಿ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಅಪ್ಪ ಗೋಡೆಗೆ ಒರಗಿ ಕೂತು ಮಗ ಉಣ್ಣುವುದನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ, "ತೆಪ್ಪಾಯ್ತು ಕಣ್ಲಾ ಮಗ."

ತಮ್ಮ ತಟ್ಟೆ ನೋಡುತ್ತಲೇ ಹೇಳಿದ, "ಒಂದು ಸಲ ಆ ಲಾಯರ್‌ನ ಕೇಳ್ಬೋದಿತ್ತಲ್ಲ ಅಪ್ಪ, ನನ್ನ ಮಗನೂ ಬರ್ಬೇಕಾ ಅಂತ."

"ನೀನಾಗ ಕೂಸು ಕಣಪ್ಪ."

"ಕೂಸನ್ನ ಜೈಲಿಗೆ ಹಾಕ್ತಾರಾ?" ಎಂದು ತಮ್ಮ ಕೈ ತೊಳೆದುಕೊಂಡು ಎದ್ದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ಇಬ್ಬರಲ್ಲಿ ಯಾರದು ತಪ್ಪು ಎಂದು ಕೇಳಿದರೆ ನಾನು ಇವತ್ತಿಗೂ ಹೇಳಲಾರೆ. ತಮ್ಮ ಪಟ್ಟದ್ದೂ ಸುಳ್ಳಲ್ಲ, ಅಪ್ಪ ಮಾಡಿದ್ದರಲ್ಲಿ ಒಂದು ಕಾಳಿನಷ್ಟು ಕೆಟ್ಟದ್ದೂ ಇರಲಿಲ್ಲ.

ಆ ತಿಂಗಳು ತುಂಬಿದ ದಿನ ಅಪ್ಪ ಬಟ್ಟೆಯ ಬ್ಯಾಗು ತುಂಬಿಕೊಂಡು ಜಗಲಿಯಲ್ಲಿ ಕೂತ. ತಮ್ಮ ಬರಲಿಲ್ಲ. ಫೋನ್ ಮಾಡಿದರೆ, "ಈ ತಿಂಗಳೂ ನಿನ್ ಹತ್ರಾನೇ ಇರ್ಲಿ ಬುಡಕ್ಕ" ಎಂದ. ನಾನು ಅಪ್ಪನಿಗೆ, ಅವನಿಗೆ ಮೈ ಹುಷಾರಿಲ್ಲವಂತೆ ಎಂದೆ. ಈ ಸಲ ಅಪ್ಪ ನನ್ನ ಸುಳ್ಳನ್ನು ನಂಬಿದ ಹಾಗೆ ತಾನೇ ನಟಿಸಿದ. ಬ್ಯಾಗನ್ನು ಒಳಗೆ ತಂದಿಟ್ಟ.

ಅದಾಗಿ ಸ್ವಲ್ಪ ದಿನಕ್ಕೆ ಊರಿನಿಂದ ಫೋನ್ ಬಂತು. ನಮ್ಮ ದಾಯಾದಿ ಮನೆಯ ಅಜ್ಜಿ ತೀರಿಕೊಂಡಿತ್ತು. ಸಂಜೆಗೆ ಮಣ್ಣು. ತಮ್ಮನಿಗೂ ಯಾರೋ ಹೇಳಿದ್ದರು, ಅವನು ನನ್ನ ಮನೆಗೆ ಬಂದ. ಅರ್ಧ ಊಟಕ್ಕೆ ಎದ್ದು ಹೋದ ದಿನದ ಮೇಲೆ ಅದೇ ಮೊದಲು ಬಂದದ್ದು. ನಾನು ಅಪ್ಪನಿಗೆ ಪಂಚೆ ತೆಗೆದುಕೊಟ್ಟು, "ಹೊರಡಪ್ಪ, ಬಸ್ಸಿಗೆ ಹತ್ತಿಸ್ತೀನಿ" ಎಂದೆ. ಊರಿನ ಯಾವ ಸಾವಿಗೂ ನಮ್ಮ ಮನೆಯಿಂದ ಅಪ್ಪ ಹೋಗದೆ ಇದ್ದದ್ದಿಲ್ಲ.

"ನಾನೋಗಕ್ಕಿಲ್ಲ ಕಣವ್ವ" ಎಂದ.

"ಯಾಕೆ, ಮಂಡಿ ನೋವಾ?"

"ಊ ಊಂ. ನಾನೋದ್ರೆ ಮನೆಯೋರು ಬಂದಂಗಾಗಕ್ಕಿಲ್ಲ."

ತಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ, ಅವನಿಗೂ ಕೇಳಿಸಿತು. ನಾನು ಅವನ ಮುಖ ನೋಡಿದೆ. ಹಂಗನ್ಬ್ಯಾಡ ಅಪ್ಪ ಎನ್ನುವಷ್ಟು ಮಾತು ಅವನ ಬಾಯಲ್ಲಿ ಇದ್ದೇ ಇರುತ್ತದೆ ಎಂದು ಕಾದೆ. ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡ. "ನಾನೇ ಹೋಗಿ ಬರ್ತೀನಕ್ಕ" ಎಂದು ನನಗೆ ಹೇಳಿ ಇಳಿದು ಹೋದ.

ಅಪ್ಪ ಜಗಲಿಗೆ ಬಂದು ಅವನು ಹೋದ ಕಡೆಗೆ ನೋಡುತ್ತ ನಿಂತ. "ಸಾವಿನ ಮನೇಲಿ ಒಲೆ ಅಚ್ಚಕ್ಕಿಲ್ಲ ಕಣವ್ವ" ಎಂದ. "ಏನೂ ತಿನ್ದೆ ಓದ್ನಲ್ಲ ಕೂಸು."